ರೈಟಣ್ಣ ಮತ್ತು ಹಸಿರು ದೀಪ

ನಮ್ಮ ಯಜಮಾನರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಊಟದ ನಡುವೆ ಎದ್ದು ಹೋಗಿ ಬೀದಿಬಾಗಿಲ ಚಿಲಕ ನೋಡಿ ಬರುತ್ತಾರೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಮತ್ತೆ ಏಳುತ್ತಾರೆ. "ರೀ, ಚಿಲಕ ಎಲ್ಲಿಗೂ ಓಡಿಹೋಗಲ್ಲ, ಕೂತ್ಕೊಳ್ಳಿ" ಎಂದು ರೇಗಿದರೆ, "ಆಯ್ತು, ಆಯ್ತು" ಎನ್ನುತ್ತಲೇ ಬಾಗಿಲ ಹತ್ತಿರ ಇರುತ್ತಾರೆ. ನೋಡಿ ನೋಡಿ ನನಗಂತೂ ತಲೆ ಕೆಟ್ಟುಹೋಗಿದೆ.

ಮೊದಲು ಹೀಗಿರಲಿಲ್ಲ. ಅವರು ಸಿಟಿ ಬಸ್ಸಿನ ಕಂಡಕ್ಟರು. ಹಳೆಯ ಬಸ್ಸಿಗೆ ಬಾಗಿಲೆಂಬುದೇ ಇರಲಿಲ್ಲ. ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ, ಮತ್ತು ಇವರ ಗಂಟಲು, ಇಷ್ಟೇ. ಇವರು "ರೈಟ್" ಎಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್" ಎಂದರೆ ನಿಲ್ಲಬೇಕು. ದಿನಾ ಓಡಾಡುವ ಜನ ಇವರನ್ನು ರೈಟಣ್ಣ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಅನ್ನ ಬಡಿಸುತ್ತಿದ್ದರೆ ತಟ್ಟೆಗೆ ಕೈ ಅಡ್ಡ ಹಿಡಿದು "ಹೋಲ್ಡಾನ್, ಹೋಲ್ಡಾನ್!" ಎಂದುಬಿಟ್ಟಿದ್ದರು. "ನಾನೇನು ನಿಮ್ಮ ಬಸ್ಸಾ?" ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ.

ಹೊಸದನ್ನು ಕಂಡರಾಗದ ಮನುಷ್ಯ ಎಂದುಕೊಳ್ಳಬೇಡಿ. ಟಿಕೆಟ್ ಕೊಡುವ ಮಿಷನ್ ಬಂದಾಗ ಎಳೆ ಮಗುವಿಗೆ ಗಿಲಕಿ ಸಿಕ್ಕ ಹಾಗೆ ಕುಣಿದಾಡಿದ್ದರು. ಎಲ್ಲಾ ಕೆಟ್ಟಿದ್ದು ಟೈಲರಮ್ಮ ಬಿದ್ದ ದಿನ.

ಟೈಲರಮ್ಮ ಮಾರ್ಕೆಟ್ ಸ್ಟಾಪಿನಲ್ಲಿ ಹತ್ತುವವರು. ಆವತ್ತು ಅವರು ಬಟ್ಟೆಯ ಗಂಟು ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು. ಇವರು ಮೆಟ್ಟಿಲ ಹತ್ತಿರ ಇರಬೇಕಾದವರು, ಮುಂದಿನ ಸೀಟಿನ ಹತ್ತಿರ ಯಾರದೋ ಮಾತಿಗೆ ನಗುತ್ತಾ ನಿಂತಿದ್ದರು. ಹಿಂದೆ ಒಬ್ಬ ಪ್ರಯಾಣಿಕ ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ, "ರೈಟ್, ರೈಟ್! ಹಾಗೇ ಮಾಡೋಣ" ಎಂದ. ಡ್ರೈವರ್ ಬಸ್ಸು ಬಿಟ್ಟ.

ಟೈಲರಮ್ಮನ ಮಂಡಿ ಪುಡಿಯಾಯಿತು. ವಿಚಾರಣೆಯಲ್ಲಿ ಯಾರ ತಪ್ಪೂ ಇಲ್ಲ ಎಂದಾಯಿತು. ನಾವು ನೋಡಲು ಹೋದಾಗ ಆಕೆ ನಗುನಗುತ್ತಾ, "ಹೊಲಿಗೆ ಮಿಷನ್‌ಗೆ ಮೋಟರ್ ಹಾಕಿಸ್ಕೊಂಡಿದೀನಿ ರೈಟಣ್ಣ. ಪೆಡಲ್ ತುಳಿಯೋ ಕಷ್ಟನೇ ಇಲ್ಲ" ಎಂದರು. ಅವರ ಮನೆಯಲ್ಲಿ ಕೊಟ್ಟ ಕಾಫಿ ಕುಡಿಯಲಾಗದೆ ಇವರು ಲೋಟ ಕೆಳಗಿಟ್ಟರು.

ಆಮೇಲೆ ಹೊಸ ಬಸ್ಸುಗಳು ಬಂದವು. ತಾವಾಗಿ ಮುಚ್ಚುವ ಬಾಗಿಲು. ನಡುವೆ ಏನಾದರೂ ಸಿಕ್ಕಿಕೊಂಡರೆ ತಾನೇ ತೆರೆದುಕೊಳ್ಳುತ್ತದೆ. ಪೂರ್ತಿ ಮುಚ್ಚಿದ ಮೇಲಷ್ಟೇ ಡ್ರೈವರ್ ಮುಂದೆ ಹಸಿರು ದೀಪ. ದೀಪ ಹತ್ತದೆ ಬಸ್ಸು ಅಲುಗುವುದಿಲ್ಲ. ರೈಟೂ ಬೇಡ, ಹೋಲ್ಡಾನೂ ಬೇಡ. ಅಬ್ಬಾ, ಇನ್ನಾದರೂ ಇವರ ಜೀವಕ್ಕೆ ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ದೀಪ ಹತ್ತಿದ ಮೇಲೂ ಪ್ರತಿ ಸ್ಟಾಪಿನಲ್ಲಿ ಇವರು "ಒಂದ್ನಿಮಿಷ" ಎಂದು ಡ್ರೈವರನ್ನು ತಡೆದು, ಬಾಗಿಲ ಹತ್ತಿರ ಹೋಗಿ, ಎರಡು ರೆಕ್ಕೆ ಕೂಡುವ ಕಡೆಯ ರಬ್ಬರಿನ ಮೇಲೆ ಹೆಬ್ಬೆರಳು ಒತ್ತಿ ಮೇಲಿಂದ ಕೆಳಗೆ ನೋಡುತ್ತಿದ್ದರಂತೆ. ಬಸ್ಸು ದಿನಾ ಲೇಟು. ಜನರ ದೂರಿನ ಮೇಲೆ ದೂರು. ಇನ್ನೊಂದು ದೂರು ಬಂದರೆ ರೂಟಿನಿಂದ ತೆಗೆದು ಡಿಪೋದಲ್ಲಿ ಟೈರ್ ಕಾಯಲು ಹಾಕುತ್ತೇನೆ ಎಂದು ಮ್ಯಾನೇಜರ್ ಹೇಳಿಬಿಟ್ಟ. ಜನರ ನಡುವೆ ಬದುಕಿದವರು ಟೈರುಗಳ ಜೊತೆ ಏನು ಮಾತಾಡುತ್ತಾರೆ?

ಈ ಚಟವನ್ನು ಇವತ್ತೇ ಬಿಡಿಸಬೇಕು ಎಂದು ಮರುದಿನ ಬೆಳಿಗ್ಗೆ ನಾನೇ ಬಸ್ಸು ಹತ್ತಿದೆ. ಹಳೆಯ ಡ್ರೈವರೇ ಇದ್ದ. "ಅತ್ತಿಗೆ, ನೀವಾದ್ರೂ ಹೇಳಿ" ಎಂದ. ಮೊದಲ ಸ್ಟಾಪಿನಲ್ಲೇ ಇವರು ಬಾಗಿಲ ಕಡೆ ಹೊರಟರು. ಹಿಂದಿನ ಸೀಟಿನವನು, "ಏನ್ರೀ, ಬಾಗಿಲಿಗೆ ದೃಷ್ಟಿ ತೆಗೀತಿದೀರಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿದವು. ಎರಡನೆಯ ಸ್ಟಾಪಿನಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಾಗ ನಾನು ಮುಂದೆ ಹೋಗಿ ನನ್ನ ಮುಂಗೈಯನ್ನೇ ನಡುವೆ ತೂರಿಸಿಬಿಟ್ಟೆ.

ರಬ್ಬರು ಮೆತ್ತಗೆ ತಾಗಿತು, ಬಾಗಿಲು ಹಿಂದಕ್ಕೆ ಸರಿಯಿತು. ಡ್ರೈವರ್ "ಅಯ್ಯೋ ಅತ್ತಿಗೆ!" ಎಂದು ಕಿರುಚಿದ. ಇವರ ಮುಖ ಬಿಳಿಚಿಕೊಂಡಿತ್ತು.

"ನೋಡಿದ್ರಾ?" ನಾನು ಕೈ ಎತ್ತಿ ತೋರಿಸಿದೆ. "ಕೂದಲೂ ಕೊಂಕಲಿಲ್ಲ. ಇನ್ನಾದ್ರೂ ನಂಬ್ತೀರಾ ಇಲ್ವಾ?"

ಬಸ್ಸು ಹೊರಟಿತು. ಅವರು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ನನ್ನ ಪಕ್ಕ ಕೂತರು.

"ನಂಬಲ್ಲ ಅಂತ ಯಾರು ಹೇಳಿದ್ರು? ಅದು ಚೆನ್ನಾಗೇ ಕೆಲಸ ಮಾಡುತ್ತೆ. ಮೊದಲನೇ ದಿನವೇ ಗೊತ್ತಾಯ್ತು."

"ಮತ್ಯಾಕ್ರೀ ಈ ಪರದಾಟ?"

ಅವರು ಕಿಟಕಿಯ ಕಡೆ ನೋಡಿದರು. "ಒಂದ್ಸಲನಾದ್ರೂ ಈ ಬಾಗಿಲು ತಪ್ಪು ಮಾಡ್ಲಿ ಅಂತ ಕಾಯ್ತಿದೀನಿ ಕಣೇ. ಇಂಥ ಮಿಷನ್ನೂ ತಪ್ಪುತ್ತೆ ಅಂತ ಆದ್ರೆ ನನಗೆ ಅಷ್ಟೇ ಸಾಕು. ತಪ್ಪೋದೇ ಇಲ್ಲ ಅಂದ್ರೆ, ಆವತ್ತು ನನ್ನ ಬದಲು ಇದು ಇದ್ದಿದ್ರೆ ಆಕೆ ಕಾಲು ಉಳೀತಿತ್ತು ಅಂತ ಆಯ್ತಲ್ಲ."

ಇಷ್ಟು ದಿನ ಪಕ್ಕದಲ್ಲೇ ಮಲಗಿದವಳಿಗೆ ಇದು ಗೊತ್ತಾಗಲಿಲ್ಲವಲ್ಲ!

ಮಾರ್ಕೆಟ್ ಸ್ಟಾಪು ಬಂತು. ಜನ ಹತ್ತಿದರು, ಇಳಿದರು. ಬಾಗಿಲು ಮುಚ್ಚಿತು, ಹಸಿರು ದೀಪ ಹತ್ತಿತು. ಇವರು ಸೀಟಿನ ಅಂಚಿಗೆ ಸರಿದು, ಏಳಲೋ ಬೇಡವೋ ಎಂದು ನನ್ನ ಮುಖ ನೋಡಿದರು.

"ಆ ದುಡ್ಡಿನ ಬ್ಯಾಗ್ ಇಲ್ಲಿ ಕೊಡಿ, ನಾನು ಹಿಡ್ಕೋತೀನಿ" ಎಂದೆ. "ಹೋಗಿ ನೋಡ್ಕೊಂಡು ಬನ್ನಿ."

ಹಿಂದಿನಿಂದ ಮತ್ತೆ ಕೂಗು ಎದ್ದಿತು. "ಸ್ವಲ್ಪ ಇರ್ರೀ, ಪ್ರಾಣ ಏನ್ ಹೋಗಲ್ಲ!" ಎಂದು ತಿರುಗಿ ಗದರಿದೆ. ಇವರು ಬಗ್ಗಿ, ಹೆಬ್ಬೆರಳು ಒತ್ತುತ್ತಾ, ಮೇಲಿಂದ ಕೆಳಗಿನವರೆಗೆ ನೋಡಿದರು. ಬ್ಯಾಗನ್ನು ಎದೆಗೆ ಅವಚಿಕೊಂಡು, ದೇವರೇ, ಒಂದೇ ಒಂದು ಸಲ ಇದು ತಪ್ಪಲಿ, ಎಂದು ನಾನೂ ಬೇಡಿಕೊಂಡೆ.

ಬಾಗಿಲು ಸರಿಯಾಗಿಯೇ ಮುಚ್ಚಿತ್ತು.