ಅಕ್ಕಿಯಲ್ಲಿ ಬರೆದ ಹೆಸರು

ಅಣ್ಣ ತೀರಿಕೊಂಡ ಮೇಲೆ ಅವನ ವಂಶಾವಳಿಯಲ್ಲಿ ನನ್ನ ಹೆಸರು ಸೇರಿಸಲೆಂದು ಸೊಲ್ಲಾಪುರದಿಂದ ಸವಣೂರಿಗೆ ಬಂದಿದ್ದೆ. ಮದುವೆಯಾಗದ ಅವನಿಗೆ ಉಳಿದಿದ್ದ ರಕ್ತಸಂಬಂಧ ನಾನೊಬ್ಬಳೇ. ತಹಶೀಲ್ದಾರ್ ಕಚೇರಿಯ ಕಂಪ್ಯೂಟರ್ ಆಪರೇಟರ್ ಹೆಣ್ಣುಮಗಳು ಪರದೆ ನೋಡಿ ತಲೆ ಅಲ್ಲಾಡಿಸಿದಳು.

“ಅವ್ವಾರ, ಹಳೇ ದಾಖಲ್ಯಾಗ ಇವರ ತಂಗಿ ಹೆಸರು ಗಂಗೂಬಾಯಿ ಐತ್ರಿ. ನಿಮ್ಮ ಆಧಾರ್ ಕಾರ್ಡಿನಾಗ ಸುಮಿತ್ರಾ ಐತಿ. ಇಬ್ಬರೂ ಬ್ಯಾರೆ ಅಂತ ತೋರಸಾಕತ್ತೈತ್ರಿ.”

“ಇಬ್ಬರೂ ನಾನ ಯವ್ವಾ. ಮದುವ್ಯಾಗ ನಮ್ಮ ಯಜಮಾನರು ತಾಟಿನ ಅಕ್ಕಿ ಮ್ಯಾಲೆ ಉಂಗುರದಿಂದ ಹೊಸ ಹೆಸರು ಬರದ್ರು. ನಮ್ಮೊಳಗ ಹಂಗ ಪದ್ಧತಿ.”

“ಅದಕ್ಕ ದಾಖಲೆ ಏನರ ಐತೇನ್ರಿ?”

“ಆ ಅಕ್ಕಿ ಅವತ್ತ ಅನ್ನ ಆತು.”

ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿ, “ಹೋಗ್ಲಿ, ನಿಮ್ಮನ್ನ ಗಂಗೂ ಅಂತ ಕರಿಯೋರು ಒಬ್ಬರರ ಬಂದು ಸಾಕ್ಷಿ ಹೇಳ್ತಾರೇನ್ರಿ?” ಎಂದಳು.

ಹಾಗೆ ಕರೆಯುತ್ತಿದ್ದವನು ಒಬ್ಬನೇ ಉಳಿದಿದ್ದ. ಅವನ ಮರಣ ಪ್ರಮಾಣಪತ್ರ ಅವಳ ಮೇಜಿನ ಮೇಲೇ ಇತ್ತು.

ಕಡೆಗೆ ಪ್ರಿಂಟರಿನಿಂದ ಒಂದು ಹಾಳೆ ಹೊರಬಂತು. ಅರ್ಜಿದಾರರು ಮೃತರ ಸಂಬಂಧಿ ಎಂಬುದು ದೃಢಪಟ್ಟಿಲ್ಲ, ಅರ್ಜಿ ತಿರಸ್ಕೃತ ಎಂದಿತ್ತು.

“ಹಾಳಿ ಕೈಗೆ ಮುಟ್ಟಿದ್ದಕ್ಕ ಇಲ್ಲೊಂದು ಸಹಿ ಮಾಡ್ರಿ, ಅವ್ವಾರ.”

ಮಾಡಿದೆ. ನಾನು ಅವನ ತಂಗಿಯಲ್ಲ ಎಂಬ ಕಾಗದ ಒಯ್ಯಲು ಮಾತ್ರ ಯಾರೂ ನನ್ನ ಗುರುತು ಕೇಳಲಿಲ್ಲ.