ಎಲೆ ಅಡಿಕೆ ಮೇಲಿಟ್ಟ ದುಡ್ಡು

ಮಗಳಿಗೆ ದುಡ್ಡಿನ ಬುದ್ಧಿ ಕಲಿಸುತ್ತೇನೆಂದು ಹೊರಟವಳು ನಾನು, ದೊಡ್ಡ ಜಾಣೆ. ಆಗ ಅವಳು ಎಂಟನೇ ಕ್ಲಾಸು. ತಗಡೂರಿನ ಕಡೆಯ ನಮ್ಮ ಹಳ್ಳಿಯಿಂದ ತಿ. ನರಸೀಪುರದ ಹೈಸ್ಕೂಲಿಗೆ ದಿನಾ ಬಸ್ಸು. ಹಾಲನ್ನು ಡೇರಿಗೆ ಹಾಕುವುದು, ಬಟವಾಡೆ ದಿನ ದುಡ್ಡು ಎಣಿಸಿ ತರುವುದು ಎಲ್ಲ ಅವಳದೇ. ಡೇರಿಯವರು ಒಂದು ರೂಪಾಯಿ ಕಡಿಮೆ ಕೊಟ್ಟರೂ ಬಿಡುತ್ತಿರಲಿಲ್ಲ. ಬಂದವರ ಮುಂದೆಲ್ಲ ನಾನು ಅದನ್ನು ಹೇಳಿಕೊಂಡು ಮೆರೆಯುತ್ತಿದ್ದೆ.

ಸೋಮವಾರ ಸೋಮವಾರ ಮನೆಗೊಬ್ಬ ವ್ಯಾಪಾರಿ ಬರುತ್ತಿದ್ದ. ನಮ್ಮವನೇ. ಹಣೆ ತುಂಬ ವಿಭೂತಿ, ತಿ. ನರಸೀಪುರದಲ್ಲಿ ಪಾತ್ರೆ ಅಂಗಡಿ, ಮಠದ ದಾಸೋಹಕ್ಕೆ ಅಕ್ಕಿ ಕಳಿಸುವವನು. ಊರಿನ ಹೆಂಗಸರೆಲ್ಲ ಅವನ ಹತ್ತಿರ ಚೀಟಿ ಕಟ್ಟುತ್ತಿದ್ದೆವು. ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ದುಡ್ಡು. ಅವನು ಎರಡೂ ಕೈಯಲ್ಲಿ ತೆಗೆದು ಕಣ್ಣಿಗೊತ್ತಿಕೊಂಡು ಜೇಬಿಗಿಡುತ್ತಿದ್ದ. ಹಾಗೆ ಕೊಟ್ಟ ದುಡ್ಡಿಗೆ ಯಾರೂ ರಸೀದಿ ಕೇಳುತ್ತಿರಲಿಲ್ಲ. ಕೇಳಿದರೆ ಅವನ ಮರ್ಯಾದೆ ತೆಗೆದ ಹಾಗೆ.

ಮಗಳು ಕೇಳಿಯೇಬಿಟ್ಟಳು. "ಮಾವ, ಈ ದುಡ್ಡೆಲ್ಲ ಎಲ್ಲಿಡ್ತೀರಿ? ಡೇರೀಲಿ ಕೊಟ್ಟಂಗೆ ರಸೀದಿ ಕೊಡಕಿಲ್ವಾ?"

ತಟ್ಟೆಯ ಮೇಲೆ ಅವನ ಕೈ ನಿಂತಿತು. ಆಮೇಲೆ ನಕ್ಕ. "ನಿಮ್ ಮಗಳು ಲಾಯರ್ ಆಯ್ತಾಳೆ ಬುಡಿ" ಎಂದು ಕಾಫಿ ಮುಟ್ಟದೆ ಎದ್ದ. ನನಗೆ ಒಳಗೇ ಚುರುಕ್ ಎಂದಿತು. ಆದರೆ ಸಿಟ್ಟು ಬಂದದ್ದು ಮಗಳ ಮೇಲೆ. ಅಡುಗೆಮನೆಗೆ ಎಳೆದುಕೊಂಡು ಹೋಗಿ ತೋಳು ಚಿವುಟಿದೆ. "ಮಾನ ಕಳೀಬ್ಯಾಡ. ಇನ್ಮೇಲೆ ಅವ್ರ ದುಡ್ಡಿನ ವಿಚಾರ, ಅಂಗ್ಡಿ ವಿಚಾರ ಬಾಯ್ ಬುಟ್ಟೆ ಅಂದ್ರೆ ನೋಡು."

ಅವಳು ಆಮೇಲೆ ಬಾಯಿ ಬಿಡಲಿಲ್ಲ.

ತಾಯಿ ಸತ್ತ ಒಂದು ಹೆಣ್ಣುಕರುವನ್ನು ಅವಳು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಅದು ಕಡಸಾಗಿತ್ತು. ಅಷ್ಟರಲ್ಲಿ ಅವನು, ದೊಡ್ಡ ಚೀಟಿ ಒಂದಿದೆ, ಮುಂದಿನ ಸೋಮವಾರವೇ ಕೊನೆ ಎಂದ. "ಕಡಸು ಮಾರಿ ಅವ್ರತ್ರ ಆಕೋಣ, ನಿನ್ ಕಾಲೇಜಿಗೆ ಆಯ್ತದೆ" ಎಂದು ಮಗಳನ್ನು ಒಪ್ಪಿಸಿದೆ. ಹೆಮ್ಮರಗಾಲದವರೊಬ್ಬರು ಬಂದು ಗೂಡ್ಸ್ ಆಟೋದಲ್ಲಿ ಕಡಸನ್ನು ಒಯ್ದರು. ಆಟೋ ಹತ್ತುವವರೆಗೂ ಹಗ್ಗ ಅವಳ ಕೈಯಲ್ಲೇ ಇತ್ತು.

ಸೋಮವಾರ ತಟ್ಟೆಯನ್ನು ಅವಳ ಕೈಯಲ್ಲೇ ತರಿಸಿದೆ. ತಟ್ಟೆ ವಾಲಿ ಅಡಿಕೆಯೊಂದು ಉರುಳಿತು. "ನೆಟ್ಟಗೆ ಇಡ್ಕೊ" ಎಂದು ಗದರಿದೆ. ಎರಡು ಸಲ ನನ್ನ ಮುಖ ನೋಡಿದಳು. ಕಡಸಿನ ಸಂಕಟ ಎಂದುಕೊಂಡೆ. ಅವನು ಅವತ್ತು ಕೂರಲಿಲ್ಲ. ಹೊರಗೆ ಬೈಕು ಆಫ್ ಮಾಡದೆ ಬಂದಿದ್ದ. ದುಡ್ಡನ್ನು ಕಣ್ಣಿಗೂ ಒತ್ತಿಕೊಳ್ಳಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಅನ್ನ ಉಕ್ಕುತ್ತಿದೆಯೆಂದು ಒಳಗೆ ಹೋದೆ.

ಮುಂದಿನ ಸೋಮವಾರ ಅವನು ಬರಲಿಲ್ಲ. ಫೋನು ಸ್ವಿಚ್ ಆಫ್. ಮಾರನೆಯ ದಿನ ತಿ. ನರಸೀಪುರಕ್ಕೆ ಓಡಿದೆ. ಅಂಗಡಿಯ ಶಟರ್ ಎಳೆದಿತ್ತು. ಬಗ್ಗಿ ಸಂದಿಯಲ್ಲಿ ನೋಡಿದರೆ ಒಳಗೆ ಒಂದು ಲೋಟವೂ ಇರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಸಾಯಂಕಾಲ ಮಗಳು ಸ್ಕೂಲಿನಿಂದ ಬಂದಳು.

"ದಿನಾ ಆ ಅಂಗ್ಡಿ ಮುಂದೇನೇ ಓಡಾಡ್ತೀಯಲ್ಲ, ಏನೂ ಕಾಣ್ನಿಲ್ವಾ ನಿಂಗೆ?"

"ಕಂಡೆ ಕಣವ್ವ. ನೀನು ಕಡಸಿನ ದುಡ್ಡು ಕೊಟ್ಯಲ್ಲ, ಅದ್ಕೂ ಮುಂಚಿನ ಶನಿವಾರನೇ. ಪಾತ್ರೆ ಎಲ್ಲಾವ ಟೆಂಪೋಗೆ ತುಂಬ್ತಿದ್ರು."

"ಮತ್ಯಾಕೆ ಏಳ್ನಿಲ್ಲ?"

ಬ್ಯಾಗನ್ನು ಮೊಳೆಗೆ ನೇತುಹಾಕಿ, "ನೀನೇ ಅವ್ರ ಅಂಗ್ಡಿ ವಿಚಾರ ಎತ್ತಬ್ಯಾಡ ಅಂದಿದ್ಯಲ್ಲ" ಎಂದಳು.

ಅವಳು ಕ್ಯಾನು ತೊಳೆದುಕೊಂಡು ಡೇರಿಗೆ ಹೋದಳು. ಅವತ್ತು ಬಟವಾಡೆ. ಬಂದವಳೇ ನೋಟುಗಳನ್ನು ನನ್ನ ಕೈಗಿಟ್ಟಳು. ಎಣಿಸಿದೆಯಾ ಎಂದು ಕೇಳಿದೆ.

ಇಲ್ಲ ಎಂದು ಒಳಗೆ ಹೋದಳು.