ಹುಣಸೆಮರದ ಹವಾಲ್ದಾರರು

ಸಾಹಸ ಶಿಬಿರದಲ್ಲಿ ನಮ್ಮನ್ನು ಹುಣಸೆಮರಕ್ಕೆ ನೇತುಹಾಕಿ ವಿಮಾನದಿಂದ ಹಾರುವುದನ್ನು ಕಲಿಸಿದವರು ಚಿನಕುರಳಿಯ ಹವಾಲ್ದಾರರು. ತೊಂಬತ್ತರ ದಶಕದಲ್ಲಿ ಸೈನ್ಯ ಬಿಟ್ಟು ಬಂದಿದ್ದ ಅವರು ಪ್ಯಾರಾಚೂಟಿಗೆ ಕೊಡೆ ಎನ್ನುತ್ತಿದ್ದರು. ಕೊಡೆ ಕೈಕೊಟ್ಟರೆ ಎದೆಪಟ್ಟಿಯ ಬಲಗಡೆಯ ಹಿಡಿ ಕಿತ್ತು ಆ ಕೊಡೆಯನ್ನು ಕಳಚಿಬಿಡಬೇಕು. ಆಮೇಲೆ ಎಡಗಡೆಯದನ್ನು ಎಳೆದು ಎರಡನೇ ಕೊಡೆ ಬಿಚ್ಚಬೇಕು.

"ಕೆಟ್ಟೋಯ್ತು!" ಎಂದು ಕೂಗಿ ಅವರು ನಮ್ಮ ಕಾಲು ಹಿಡಿದು ಗಿರ್ರನೆ ತಿರುಗಿಸಿದರೆ ಸಾಕು, ಎತ್ತಿನ ಗಾಡಿ ಹೊಡೆದು ಬೆಳೆದ ನಾವು ಎರಡನ್ನೂ ಒಟ್ಟಿಗೆ ಜಗ್ಗಿಬಿಡುತ್ತಿದ್ದೆವು.

"ಎತ್ತಿನ ಅಗ್ಗ ಅಲ್ಲ ಕಣ್ಲಾ! ಎಲ್ಡೂ ಸುತ್ಕಂಡ್ರೆ ಸತ್ತೋಯ್ತೀಯ. ಮೊದ್ಲು ಬುಡು, ಆಮೇಕೆ ಎಳಿ!"

ನಿಜವಾಗಿ ಹಾರಿದ ದಿನ ನನ್ನ ಕೊಡೆ ಹಿಂಡಿದ ಪಂಚೆಯಂತೆ ಸುತ್ತಿಕೊಂಡಿತು. ಭೂಮಿಯೇ ಬುಗುರಿಯಾಯಿತು. ಕೈಗಳೆರಡೂ ಒಟ್ಟಿಗೆ ಎದೆಗೆ ಹೋದವು. "ಮೊದ್ಲು ಬುಡು!" ಎಂದು ನಾನೇ ಅರಚಿಕೊಂಡೆ. ಬಲಗಡೆಯದನ್ನು ಕಿತ್ತೆ, ಎಡಗಡೆಯದನ್ನು ಎಳೆದೆ. ಫಟ್ಟೆಂದು ಅರಳಿತು ಬಿಳಿಕೊಡೆ! ಕೆಳಗೆ ತೊಣ್ಣೂರು ಕೆರೆ ಫಳಫಳ ಹೊಳೆಯುತ್ತಿತ್ತು. ಕೇಕೆ ಹಾಕುತ್ತಲೇ ಹೊಲಕ್ಕಿಳಿದೆ.

ಹವಾಲ್ದಾರರು ಏದುಸಿರು ಬಿಡುತ್ತ ಓಡಿಬಂದರು. ಕಿತ್ತ ಹಿಡಿ ಇನ್ನೂ ನನ್ನ ಬಲಗೈಯಲ್ಲೇ ಇತ್ತು. "ಬುಡ್ಲಾ, ಬಂದ್ಬುಟ್ಟೆ ಕಣ್ಲಾ," ಎನ್ನುತ್ತ ಒಂದೊಂದೇ ಬೆರಳು ಬಿಡಿಸಿದರು. ಹಿಡಿ ಮಣ್ಣಿಗೆ ಬಿತ್ತು. ನನ್ನ ಕೈಯನ್ನು ಮಾತ್ರ ಅವರು ಜೀಪು ಹತ್ತುವವರೆಗೂ ಬಿಡಲಿಲ್ಲ.